ಪಾಠಶಾಲೆಯ ಹೊರಗಣ ಪಾಠ

ಕಾರ್ತಿಕದ ದೀಪಗಳು ಆರಿ ಮಾರ್ಗಶಿರದ ಚಳಿ ಮೊದಲಾಯಿತೆಂದರೆ, ಪ್ರಾಥಮಿಕ ಪಾಠಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಒಂದು ಸಂಭ್ರಮವೂ ಅದರ ಬೆನ್ನಿಗೇ ಒಂದು ಚಿಂತೆಯೂ ಕಾಲಿಡುವುವು. ಸಂಜೆ ಮನೆಗೆ ಬಂದ ಮಗು ಪುಸ್ತಕದ ಚೀಲವನ್ನು ಮೂಲೆಗೆಸೆದು, ನಾಲ್ಕು ಮಡಿಕೆಯಾದ ಚೀಟಿಯೊಂದನ್ನು ತಾಯಿಯ ಕೈಗಿತ್ತು, “ಅಮ್ಮಾ, ಸೋಮವಾರದೊಳಗೆ ದುಡ್ಡು ಕಟ್ಟಬೇಕಂತೆ” ಎನ್ನುವುದು. ಚೀಟಿಯ ನೆತ್ತಿಯಲ್ಲಿ “ಶೈಕ್ಷಣಿಕ ಪ್ರವಾಸ” ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದು. ಅದರ ಕೆಳಗೆ ಊರುಗಳ ಹೆಸರುಗಳು. ಎಲ್ಲಕ್ಕೂ ಕೆಳಗೆ ಹಣದ ಮೊತ್ತ. ತಾಯಿಯಾದವಳು ಮೊದಲು ಓದುವುದು ಕೊನೆಯ ಸಾಲನ್ನೇ ಎಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ.

ಮಕ್ಕಳಿಗೆ ಪ್ರವಾಸವು ಬೇಡವೆಂದು ನಾವು ಹೇಳತಕ್ಕವರಲ್ಲ. ಊರ ಗಡಿಯನ್ನು ದಾಟಿ ಅರಿಯದ ಮಗು ಮೊದಲ ಸಲ ಬೆಟ್ಟವನ್ನೋ ಸಮುದ್ರವನ್ನೋ ಕಂಡಾಗ ಅದರ ಕಣ್ಣಿನಲ್ಲಿ ಮೂಡುವ ಬೆಳಕು ಹಣಕ್ಕೆ ದೊರೆಯುವಂಥದಲ್ಲ. ಆದರೆ ಆ ಚೀಟಿಯಲ್ಲಿ “ಶೈಕ್ಷಣಿಕ” ಎಂದು ಬರೆದಿರುವುದರಿಂದ, ಶಿಕ್ಷಣವು ಎಷ್ಟರಮಟ್ಟಿಗೆ ನಡೆಯಿತೆಂದು ಕೇಳುವ ಹಕ್ಕು ಗೃಹಸ್ಥರಿಗೆ ಇದ್ದೇ ಇದೆ.

ಕಳೆದ ವರ್ಷ ನಮ್ಮ ನೆರೆಮನೆಯ ಹುಡುಗನೊಬ್ಬನು, ನಾಲ್ಕನೆಯ ತರಗತಿಯವನು, ಮೈಸೂರಿನ ಕಡೆಗೆ ಹೋಗಿ ಬಂದನು. ನಮ್ಮೂರಿಗೂ ಮೈಸೂರಿಗೂ ಒಂದು ರಾತ್ರಿಯ ಹಾದಿ. ಎರಡು ಹಗಲುಗಳಲ್ಲಿ ಏಳು ಸ್ಥಳಗಳು: ಮೊದಲ ದಿನ ಶ್ರವಣಬೆಳಗೊಳ, ಶ್ರೀರಂಗಪಟ್ಟಣ, ರಂಗನತಿಟ್ಟು, ಕೃಷ್ಣರಾಜಸಾಗರ, ಮರುದಿನ ಚಾಮುಂಡಿಬೆಟ್ಟ, ಮೃಗಾಲಯ, ಅರಮನೆ. ಒಂದೊಂದೂ ಒಂದು ವಾರದ ಪಾಠಕ್ಕೆ ಸಾಲುವಂಥ ಸ್ಥಳವೇ ಸರಿ. ಸಾವಿರ ವರ್ಷಕ್ಕೂ ಹಿಂದೆ, ೯೮೧ರಲ್ಲಿ, ಒಂದೇ ಬಂಡೆಯಲ್ಲಿ ೫೮ ಅಡಿಯ ಮೂರ್ತಿಯನ್ನು ಕಡೆದು ನಿಲ್ಲಿಸಿದವರ ಉಳಿ ಎಂತಹುದು, ಅಳತೆ ಎಂತಹುದು ಎಂದು ಮಗುವು ಯೋಚಿಸಬೇಕಾದರೆ ಆ ಮೂರ್ತಿಯ ಪಾದದ ಬಳಿ ಅರ್ಧ ಗಳಿಗೆಯಾದರೂ ಸುಮ್ಮನೆ ಕುಳಿತಿರಬೇಡವೆ? ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಏದುತ್ತ ಹತ್ತಿ, ಎಣಿಕೆ ಕೊಟ್ಟು, ಚಿತ್ರ ತೆಗೆಸಿಕೊಂಡು, ಏದುತ್ತ ಇಳಿದುದಾಯಿತು. ರಂಗನತಿಟ್ಟು ೧೯೪೦ರಲ್ಲಿ ಪಕ್ಷಿಧಾಮವಾದುದು ಹಕ್ಕಿಗಳ ವಿಷಯದಲ್ಲಿ ಪಂಡಿತರಾದ ಸಲೀಂ ಅಲಿಯವರ ಸಲಹೆಯಿಂದ ಎಂಬುದನ್ನು ಹೇಳುವುದಕ್ಕೆ ಅಲ್ಲಿ ಯಾರಿಗೂ ಸಮಯವಿರಲಿಲ್ಲ. ದೋಣಿಯ ಸಾಲು ಉದ್ದವಾಗಿದ್ದಿತು.

ಹುಡುಗನು ಹಿಂದಿರುಗಿದ ಸಂಜೆ ನಾವು ಅವನನ್ನು ಹತ್ತಿರ ಕೂರಿಸಿಕೊಂಡು, ಏನೇನು ನೋಡಿದೆಯಪ್ಪ ಎಂದು ವಿಚಾರಿಸಿದೆವು.

“ಜಿರಾಫೆ ನೋಡಿದೆ ಮಾಮಾ. ಬಸ್ಸಿನಲ್ಲಿ ರಾತ್ರಿಯೆಲ್ಲಾ ಹಾಡು ಹಾಕಿದ್ದರು.”

“ಕನ್ನಂಬಾಡಿ ನೋಡಿದೆಯೋ ಇಲ್ಲವೋ?”

“ನೋಡಿದೆ. ಕತ್ತಲಾಗಿತ್ತು. ಬಣ್ಣದ ನೀರು ಕುಣಿಯುತ್ತಿತ್ತು.”

“ಅಣೆಕಟ್ಟು ಹೇಗಿತ್ತು?”

ಅವನು ಸ್ವಲ್ಪ ಹೊತ್ತು ಯೋಚಿಸಿ, “ಅಣೆಕಟ್ಟು ಎಲ್ಲಿತ್ತು ಮಾಮಾ?” ಎಂದು ನಮ್ಮನ್ನೇ ಕೇಳಿದನು.

ನಕ್ಕು ಬಿಡುವ ಮಾತು ಇದಲ್ಲ. ಆ ಹುಡುಗನ ತಂದೆಯು ಪ್ರತಿ ಆಷಾಢ ಶ್ರಾವಣಗಳಲ್ಲಿ ಬೆಳಗಿನ ಪತ್ರಿಕೆಯನ್ನು ಬಿಡಿಸಿದೊಡನೆ ಮೊದಲು ನೋಡುವುದು ಕೃಷ್ಣರಾಜಸಾಗರದ ನೀರಿನ ಮಟ್ಟವನ್ನು. ೧೨೪.೮೦ ಅಡಿ ಎಂಬ ಪೂರ್ಣಮಟ್ಟದ ಅಂಕೆ ಆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಹುಡುಗನ ಪಠ್ಯಪುಸ್ತಕದಲ್ಲಿ ಕಾವೇರಿಯ ಮೇಲೆ ಒಂದು ಪಾಠವೂ ಇದ್ದಿತು. ಅದನ್ನು ಓದಿ ಪರೀಕ್ಷೆಯಲ್ಲಿ ಅಂಕಗಳನ್ನು ಪಡೆದೂ ಇದ್ದನು. ಮನೆಯ ಅಂಕೆ ಒಂದು ಕಡೆ, ಪುಸ್ತಕದ ಪಾಠ ಒಂದು ಕಡೆ, ೧೯೧೧ರಲ್ಲಿ ಕೆಲಸ ಮೊದಲಾಗಿ ಇಪ್ಪತ್ತು ವರ್ಷಗಳ ದುಡಿಮೆಯಿಂದ ಎದ್ದು ನಿಂತ ಆ ಕಲ್ಲಿನ ಕಟ್ಟೆ ಮತ್ತೊಂದು ಕಡೆ; ಈ ಮೂರನ್ನೂ ಸೇರಿಸಿ ಗಂಟು ಹಾಕುವವರು ಯಾರೂ ಇರಲಿಲ್ಲ. ವಾರ ಕಳೆದ ಮೇಲೆ “ನಾನು ಮಾಡಿದ ಪ್ರವಾಸ” ಎಂಬ ಪ್ರಬಂಧವೂ ಆಯಿತು. ಕಪ್ಪು ಹಲಗೆಯ ಮೇಲೆ ಬರೆದುದನ್ನು ನಲವತ್ತು ಮಕ್ಕಳೂ ಅಕ್ಷರ ತಪ್ಪದಂತೆ ಬರೆದುಕೊಂಡು ಬಂದರು.

ಉಪಾಧ್ಯಾಯರನ್ನು ದೂರುವುದು ನಮ್ಮ ಉದ್ದೇಶವಲ್ಲ. ಸಂತೆಯಂತಹ ಜನಜಂಗುಳಿಯಲ್ಲಿ ನಲವತ್ತು ಮಕ್ಕಳ ತಲೆಗಳನ್ನು ಗಳಿಗೆಗೊಮ್ಮೆ ಎಣಿಸುತ್ತಿರುವವರಿಗೆ ಪಾಠ ಹೇಳುವುದಕ್ಕೆ ಉಸಿರು ಎಲ್ಲಿಂದ ಬರಬೇಕು? ಒಂದು ತಲೆ ಕಡಿಮೆಯಾದರೆ ಅವರ ಗತಿಯೇನು? ಅವರು ಮಕ್ಕಳನ್ನು ಸುಖವಾಗಿ ತಂದು ತಾಯಂದಿರ ಕೈಗೊಪ್ಪಿಸಿದುದೇ ಸಾಹಸ. ತಪ್ಪಿರುವುದು ಏಳು ಸ್ಥಳಗಳನ್ನು ಒಂದೇ ದಾರಕ್ಕೆ ಪೋಣಿಸಿದ ಲೆಕ್ಕಾಚಾರದಲ್ಲಿ. ಹೆಚ್ಚು ಸ್ಥಳವಾದರೆ ಕೊಟ್ಟ ಹಣಕ್ಕೆ ಹೆಚ್ಚು ಪ್ರತಿಫಲವೆಂದು ತಿಳಿಯುವ ನಮ್ಮಂತಹ ಗೃಹಸ್ಥರಲ್ಲಿಯೂ ಕೂಡ.

ಈ ಪ್ರವಾಸಗಳಿಗೆ ಇನ್ನೊಂದು ಮುಖವಿದೆ. ಅದನ್ನು ನಾವು ಪರರ ಮಾತಿನಿಂದ ತಿಳಿದುದಲ್ಲ. ನಾವು ನಾಲ್ಕನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಮಕ್ಕಳು ಹಂಪಿಗೆ ಹೊರಟರು. ತಂದೆಯವರು ಚೀಟಿಯನ್ನು ಎರಡು ಸಲ ಓದಿ, ಕನ್ನಡಕವನ್ನು ತೆಗೆದಿಟ್ಟು, “ಮುಂದಿನ ವರ್ಷ ನೋಡೋಣ” ಎಂದರು. ಆ ಮಾತಿನ ಅರ್ಥವು ಒಂಬತ್ತು ವರ್ಷದ ಮಗುವಿಗೂ ತಿಳಿಯುತ್ತದೆ. ಬಸ್ಸು ಹೊರಟ ಬೆಳಗ್ಗೆ ನಾವು ಏಳು ಮಂದಿ ಶಾಲೆಯ ಕಾಂಪೌಂಡಿನ ಬಳಿ ನಿಂತಿದ್ದೆವು. ಒಳಗಿದ್ದವರು ಕೈ ಬೀಸಿದರು, ನಾವೂ ಬೀಸಿದೆವು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ನಮ್ಮನ್ನು ನೋಡಿಕೊಳ್ಳಲು ಉಳಿದಿದ್ದವರು, ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಮುದಿ ಮೇಷ್ಟರು. ಅವರು ಹಾಜರಿಯ ಪುಸ್ತಕವನ್ನು ಮುಚ್ಚಿ, “ನಡೆಯಿರಿ, ನಾವೂ ಒಂದು ಕಡೆ ಹೋಗಿಬರೋಣ” ಎಂದು, ಎರಡು ಬೀದಿಯಾಚೆಯ ಅಂಚೆಯ ಕಚೇರಿಗೆ ಕರೆದುಕೊಂಡು ಹೋದರು. ಅಲ್ಲಿ ಕಾಗದಗಳಿಗೆ ಮುದ್ರೆಯೊತ್ತುವುದನ್ನೂ, ಊರೂರಿನ ಗೂಡುಗಳಿಗೆ ಅವನ್ನು ವಿಂಗಡಿಸುವುದನ್ನೂ, ಚೀಲದ ಬಾಯಿಗೆ ದಾರ ಬಿಗಿದು ಅರಗನ್ನು ಕರಗಿಸಿ ಮುದ್ರೆ ಹಾಕುವುದನ್ನೂ ನೋಡಿದೆವು. ಅರಗಿನ ವಾಸನೆ ಇಂದಿಗೂ ನಮ್ಮ ಮೂಗಿನಲ್ಲಿದೆ. ಮೇಷ್ಟರು ತಮ್ಮ ದುಡ್ಡಿನಿಂದ ಒಂದು ಜೋಡು ಕಾರ್ಡನ್ನು ಕೊಂಡು, ರಾಯಚೂರಿನಲ್ಲಿದ್ದ ತಮ್ಮ ಬಂಧುಗಳೊಬ್ಬರಿಗೆ ನಮ್ಮಿಂದ ಪತ್ರ ಬರೆಯಿಸಿದರು: ಈ ಕಾರ್ಡು ನಿಮ್ಮ ಕೈ ಸೇರಿದ ದಿನವನ್ನೂ ವೇಳೆಯನ್ನೂ ತಿಳಿಸಬೇಕೆಂದು. ಉತ್ತರ ಬರುವವರೆಗೆ ದಿನಗಳನ್ನು ಎಣಿಸಿದೆವು; ಗೋಡೆಯ ನಕ್ಷೆಯ ಮೇಲೆ ರೈಲುಹಾದಿಯನ್ನು ಬೆರಳಿನಿಂದ ಹಿಡಿದು ಹೋದೆವು; ಯಾವ ಜಂಕ್ಷನ್ನಿನಲ್ಲಿ ಚೀಲವನ್ನು ಬದಲಾಯಿಸಿರಬಹುದೆಂದು ಜಗಳವಾಡಿದೆವು. ಹಂಪಿಗೆ ಹೋಗಿದ್ದವರೂ ಕೊನೆಗೆ ಆ ಜಗಳದಲ್ಲಿ ಸೇರಿಕೊಂಡರು. ಇಷ್ಟಾದರೂ ಕಾಂಪೌಂಡಿನ ಬಳಿ ನಿಂತಿದ್ದ ಆ ಬೆಳಗು ನಮಗೆ ಮರೆತಿಲ್ಲ. ಅಂಚೆಯ ಕಚೇರಿಯು ಅದನ್ನು ಅಳಿಸಿತೆಂದರೆ ಸುಳ್ಳಾದೀತು. ಒಂದು ತರಗತಿಯ ಪಾಠವೆಂದ ಮೇಲೆ ಅದು ಆ ತರಗತಿಯ ಮಕ್ಕಳೆಲ್ಲರಿಗೂ ಎಟುಕುವಂತಿರಬೇಕು. ಕಾಲ್ನಡಿಗೆಯ ಪ್ರವಾಸಕ್ಕೆ ಇರುವ ಮೊದಲನೆಯ ಗುಣವು ಇದೇ: ಅದಕ್ಕೆ ಚೀಟಿ ಬೇಕಾಗಿಲ್ಲ.

ಹತ್ತಿರದ್ದನ್ನು ಮೊದಲು ತೋರಿಸಬೇಕೆಂಬ ಮಾತು ಹೊಸದೇನೂ ಅಲ್ಲ. ಸ್ವಿಟ್ಜರ್ಲೆಂಡಿನ ಇವರ್ದೋನ್ ಎಂಬ ಊರಿನ ಕೋಟೆಯಲ್ಲಿ ೧೮೦೫ರಿಂದ ೧೮೨೫ರವರೆಗೆ ಶಾಲೆಯನ್ನು ನಡೆಸಿದ ಪೆಸ್ಟಲಾಟ್ಸಿಯ ಕ್ರಮವನ್ನು ಅಲ್ಲಿ ಕಲಿತ ವಿದ್ಯಾರ್ಥಿಯೊಬ್ಬನು ದೊಡ್ಡವನಾದ ಮೇಲೆ ಬರೆದಿಟ್ಟಿದ್ದಾನೆ. ಭೂಗೋಳದ ಪಾಠವೆಂದರೆ ಮಕ್ಕಳನ್ನು ಹತ್ತಿರದ ಹೊಳೆಯ ಕಣಿವೆಗೆ ಕರೆದೊಯ್ಯುತ್ತಿದ್ದರು. ಕಣಿವೆಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಚೆನ್ನಾಗಿ ನೋಡಿದ ಮೇಲೆ ಅಲ್ಲಿಯ ಜೇಡಿಮಣ್ಣನ್ನು ಹೊತ್ತು ತಂದು, ದೊಡ್ಡ ಮೇಜುಗಳ ಮೇಲೆ ಆ ಕಣಿವೆಯನ್ನೇ ಮಣ್ಣಿನಲ್ಲಿ ಮಾಡುತ್ತಿದ್ದರು. ಇದೆಲ್ಲ ಮುಗಿದ ಬಳಿಕ, ಅದಕ್ಕೆ ಮೊದಲಲ್ಲ, ನಕ್ಷೆಯನ್ನು ಬಿಚ್ಚಿ ತೋರಿಸುತ್ತಿದ್ದರು. ನಮ್ಮ ಶಾಲೆಗಳಲ್ಲಿ ನಕ್ಷೆ ಮೊದಲು ಬರುತ್ತದೆ; ಕಣಿವೆಯು ಬಂದರೆ ಬಂದೀತು.

ಫ್ರಾನ್ಸಿನ ಫ್ರೆನೇ ಎಂಬ ಉಪಾಧ್ಯಾಯನ ಕಥೆ ಇನ್ನೂ ಸ್ವಾರಸ್ಯವಾದುದು. ಮೊದಲನೆಯ ಮಹಾಯುದ್ಧದಲ್ಲಿ ಗುಂಡಿನೇಟಿನಿಂದ ಅವನ ಶ್ವಾಸಕೋಶವು ಕೆಟ್ಟಿದ್ದಿತು. ೧೯೨೦ರಲ್ಲಿ ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಊರಿನ ಶಾಲೆಗೆ ಬಂದಾಗ, ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ಮಾತನಾಡುವ ಶಕ್ತಿ ಅವನಿಗಿರಲಿಲ್ಲ. ಅವನು ಮಕ್ಕಳನ್ನು ಕರೆದುಕೊಂಡು ಊರೊಳಗೆ ನಡೆಯತೊಡಗಿದನು. ನೆಯ್ಗೆಯವನ ಮಗ್ಗ, ಕಮ್ಮಾರನ ಕುಲುಮೆ, ಬಡಗಿಯ ಅಂಗಡಿ ಇವೇ ತರಗತಿಗಳಾದುವು. ಹಿಂದಿರುಗಿ ಬಂದು ಮಕ್ಕಳು ಕಂಡುದನ್ನು ತಾವೇ ಹೇಳುವರು, ಹಲಗೆಯ ಮೇಲೆ ಬರೆಯುವರು. ೧೯೨೪ರ ತರುವಾಯ ಒಂದು ಚಿಕ್ಕ ಅಚ್ಚಿನ ಯಂತ್ರದಲ್ಲಿ ಅದನ್ನು ತಾವೇ ಮೊಳೆ ಜೋಡಿಸಿ ಅಚ್ಚುಮಾಡುವರು. ಉಪಾಧ್ಯಾಯನ ದನಿ ಉಡುಗಿದಲ್ಲಿ ಮಕ್ಕಳ ದನಿ ಎದ್ದಿತು. ನಮ್ಮ ದೇಶದಲ್ಲಿ ರವೀಂದ್ರನಾಥ ಠಾಕೂರರು ೧೯೦೧ರಲ್ಲಿ ಶಾಂತಿನಿಕೇತನದ ಮರಗಳ ನೆರಳಿನಲ್ಲಿ ಐದು ಮಂದಿ ಮಕ್ಕಳೊಡನೆ ಪಾಠಶಾಲೆಯನ್ನು ತೆರೆದುದನ್ನೂ, ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದುದನ್ನೂ ಬಲ್ಲವರು ಬಲ್ಲರು.

ದೊಡ್ಡವರ ಕಥೆ ಹಾಗಿರಲಿ. ಪೆಸ್ಟಲಾಟ್ಸಿಯ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದ ಒಬ್ಬ ಹಳ್ಳಿಯ ಮೇಷ್ಟರ ಕೆಲಸವನ್ನು ಕಳೆದ ಪುಷ್ಯಮಾಸದಲ್ಲಿ ಕಣ್ಣಾರೆ ಕಾಣುವ ಯೋಗವು ನಮಗೆ ಒದಗಿತು. ತುಮಕೂರಿನ ಕಡೆಯ ಒಂದು ಊರಿನಲ್ಲಿ ಸ್ನೇಹಿತರ ಮನೆಗೆ ಹೋಗಿದ್ದೆವು. ಅಲ್ಲಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ತರಗತಿಗಳು, ಇಬ್ಬರು ಉಪಾಧ್ಯಾಯರು. ನಾಲ್ಕು ಮತ್ತು ಐದನೆಯ ತರಗತಿಗಳನ್ನು ಒಟ್ಟಿಗೆ ಕೂರಿಸಿದರೆ ೨೩ ಮಕ್ಕಳು. ಶಾಲೆಯಿಂದ ಕೂಗಳತೆಯ ದೂರದಲ್ಲಿ ಊರಿನ ಕೆರೆ.

ಹೋಗುವ ಹಿಂದಿನ ದಿನವೇ ಪಾಠವು ಮೊದಲಾಯಿತು. “ನಾಳೆ ಕೆರೆಗೆ ಹೋಗೋಣ. ಕೆರೆಯ ವಿಷಯದಲ್ಲಿ ನಿಮಗೆ ಗೊತ್ತಿಲ್ಲದ್ದು ಏನಿದೆ, ಹೇಳಿ” ಎಂದರು ಮೇಷ್ಟರು. ಗೊತ್ತಿರುವುದನ್ನು ಕೇಳುವುದೇ ಶಾಲೆಗಳ ರೂಢಿಯಾದುದರಿಂದ ಮಕ್ಕಳು ಮೊದಲು ಸುಮ್ಮನಿದ್ದರು. ಆಮೇಲೆ ಒಬ್ಬನು ಬಾಯಿಬಿಟ್ಟನು. ಒಂದು ಗಂಟೆಯೊಳಗೆ ಹಲಗೆಯ ಮೇಲೆ ಹನ್ನೊಂದು ಪ್ರಶ್ನೆಗಳು ನಿಂತುವು. ಏರಿಯ ಉದ್ದವೆಷ್ಟು? ಏರಿಯ ಬುಡವು ಅಷ್ಟು ದಪ್ಪವೇಕೆ, ನೆತ್ತಿಯು ಕಿರಿದೇಕೆ? ತೂಬನ್ನು ಮುಚ್ಚುವುದು ಹೇಗೆ? ಕರಿಯ ಹಕ್ಕಿ ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿಕೊಂಡು ಕೂರುವುದೇಕೆ? ಕೆರೆ ಒಣಗಿದರೆ ಮೀನುಗಳು ಎಲ್ಲಿಗೆ ಹೋಗುತ್ತವೆ? ಮೇಷ್ಟರು ಒಂದಕ್ಕೂ ಉತ್ತರ ಹೇಳಲಿಲ್ಲ. ಮೀನಿನ ಪ್ರಶ್ನೆಗೆ ಮಾತ್ರ, “ಇದು ನನಗೂ ಗೊತ್ತಿಲ್ಲ” ಎಂದರು. ಮಕ್ಕಳಿಗೆ ಇದು ಪರಮಾಶ್ಚರ್ಯವಾಯಿತು.

ಮರುದಿನ ಬಿಸಿಲೇರುವ ಮೊದಲೇ ಹೊರಟೆವು. ಶಾಲೆಯ ಸಮಿತಿಯ ಇಬ್ಬರು ತಾಯಂದಿರು ಜೊತೆಗಿದ್ದರು. ಒಬ್ಬರು ಸಾಲಿನ ಮುಂದೆ, ಒಬ್ಬರು ಹಿಂದೆ. ಏರಿಯ ಒಳಮೈಗೆ, ನೀರಿರುವ ಕಡೆಗೆ, ಯಾರೂ ಇಳಿಯಕೂಡದೆಂಬುದು ಕಟ್ಟಪ್ಪಣೆ. ಕೋಡಿಯ ಬಳಿಯ ಅರಳಿಯ ಮರದಲ್ಲಿ ಹೆಜ್ಜೇನು ಕಟ್ಟಿದೆಯೆಂದು ಮೇಷ್ಟರು ಹಿಂದಿನ ಸಂಜೆಯೇ ಬಂದು ನೋಡಿಕೊಂಡು ಹೋಗಿದ್ದರು. ಆ ಕಡೆಗೆ ಹೋಗಲೇ ಇಲ್ಲ. ನಾವು ಈ ಮಾತನ್ನು ಬೇಕೆಂದೇ ಬರೆಯುತ್ತಿದ್ದೇವೆ. ಮಕ್ಕಳನ್ನು ನೀರಿನ ಹತ್ತಿರ ಕರೆದೊಯ್ಯುವವರು ಮೊದಲು ತಾವೊಬ್ಬರೇ ಹೋಗಿ ನೋಡಿ ಬರತಕ್ಕದ್ದು.

ಮೊದಲು ಅಳತೆ. ನಾಲ್ವರು ಮಕ್ಕಳು ಏರಿಯ ಈ ತುದಿಯಿಂದ ಆ ತುದಿಗೆ ಹೆಜ್ಜೆಯೆಣಿಸುತ್ತ ನಡೆದರು. ಒಬ್ಬನದು ೫೯೮, ಒಬ್ಬಳದು ೬೧೨, ಒಬ್ಬನದು ೬೫೫. ನಾಲ್ಕನೆಯವನು ನಡುವೆ ಓತಿಕೇತವನ್ನು ಕಂಡು ಎಣಿಕೆಯನ್ನು ಮರೆತಿದ್ದನು. ಒಂದೇ ಏರಿಗೆ ಮೂರು ಉದ್ದವೇ ಎಂದು ಗದ್ದಲವೆದ್ದಿತು. ಮೇಷ್ಟರು ಹತ್ತು ಮೀಟರಿನ ಹಗ್ಗವನ್ನು ಕೊಟ್ಟು ಅಳೆಯಿಸಿದರು: ಮೂವತ್ತು ಸಲಕ್ಕೆ ಮೇಲೆ ಅರ್ಧ ಹಗ್ಗ, ಎಂದರೆ ೩೦೫ ಮೀಟರು. ೬೧೨ ಹೆಜ್ಜೆಯವಳ ಹೆಜ್ಜೆಯು ಅರ್ಧ ಮೀಟರಿಗೆ ಕೂದಲೆಳೆಯಷ್ಟು ಕಡಿಮೆಯೆಂದು ಅವರೇ ಲೆಕ್ಕ ಹಾಕಿಕೊಂಡರು. ಅವಳು ಮನೆಗೆ ಹೋಗುವ ದಾರಿಯನ್ನೂ ಅಳೆಯುತ್ತ ಹೋದಳೆಂದು ಆಮೇಲೆ ಕೇಳಿದೆವು.

ಹಕ್ಕಿಗಳ ವಿಷಯವನ್ನು ಬರೆದರೆ ಪುಟ ಸಾಲದು. ರೆಕ್ಕೆ ಬಿಚ್ಚಿ ಕೂರುವುದು ನೀರುಕಾಗೆ. ಮುಳುಗಿ ಮೀನು ಹಿಡಿಯುವ ಅದರ ಗರಿಗಳು ನೀರಿನಲ್ಲಿ ನೆನೆಯುವುದರಿಂದ, ನಾವು ಬಟ್ಟೆಯನ್ನು ಒಣಹಾಕುವಂತೆ ಅದು ರೆಕ್ಕೆಯನ್ನು ಬಿಸಿಲಿಗೆ ಒಡ್ಡುವುದು. ಇದನ್ನು ಹೇಳುವ ಮೊದಲು ಮೇಷ್ಟರು ಕಾಲು ಗಂಟೆ ಮಕ್ಕಳನ್ನು ಸುಮ್ಮನೆ ನೋಡುವಂತೆ ಕೂರಿಸಿದರು. ನೀರಿನಿಂದ ಮೇಲೆ ಬಂದ ಹಕ್ಕಿಯೇ ಪ್ರತಿ ಸಲವೂ ರೆಕ್ಕೆ ಬಿಚ್ಚುವುದನ್ನು ಒಬ್ಬ ಚಿಕ್ಕ ಹುಡುಗನು ತಾನಾಗಿಯೇ ಕಂಡುಹಿಡಿದನು.

ತೂಬಿನ ಬಳಿಗೆ ಬಂದಾಗ ನಡೆದುದನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯಲು ನಾವು ಕುಳಿತುದು. ನೀರಿನ ನಡುವೆ ಎರಡು ಕಲ್ಲಿನ ಕಂಬಗಳು, ಅವುಗಳ ಮೇಲೆ ಅಡ್ಡಗಲ್ಲು. ಇದು ಹೇಗೆ ನೀರನ್ನು ಬಿಡುತ್ತದೆಂದು ಮೇಷ್ಟರು ಕೇಳಿದರು. ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ, ಪ್ರತಿ ಪ್ರಶ್ನೆಗೂ ಕೈಯೆತ್ತುವ ಹುಡುಗರು ತಮಗೆ ತೋಚಿದುದನ್ನು ಹೇಳಿದರು. ಒಬ್ಬನು ಕಂಬದೊಳಗೆ ಕೊಳವೆಯಿದೆಯೆಂದನು. ಹಿಂದೆ, ತಾಯಂದಿರ ಸೆರಗಿನ ಮರೆಯಲ್ಲಿ ನಿಂತಿದ್ದ ಒಬ್ಬ ಹುಡುಗಿ ತನಗೆ ತಾನೇ ಎಂಬಂತೆ, “ಹಂಗಲ್ಲ” ಎಂದಳು. ವರ್ಷವೆಲ್ಲ ಶಾಲೆಯಲ್ಲಿ ಆ ಹುಡುಗಿಯ ದನಿಯನ್ನು ಕೇಳಿದವರು ವಿರಳವಂತೆ. ಓದು ತಡವರಿಸುವುದು, ಲೆಕ್ಕದಲ್ಲಿ ಹಿಂದೆ. ಮನೆಯು ಊರಿನ ಕಟ್ಟಕಡೆಯ ಸಾಲಿನಲ್ಲಿ.

“ಹಾಗಲ್ಲದಿದ್ದರೆ ಹೇಗಮ್ಮ?” ಎಂದರು ಮೇಷ್ಟರು.

“ಕೆಳಗೆ ಹಾಸುಗಲ್ಲಿನಾಗೆ ತೂತ ಐತೆ ಸಾರ್. ಅದಕ್ಕೆ ಮರದ ಗೂಟ. ಗೂಟ ಮ್ಯಾಕೆತ್ತಿದ್ರೆ ನೀರು ಏರಿ ಅಡೀಲಿ ಹಾಯ್ದು ಕಾಲ್ವೆಗೆ ಬೀಳ್ತೈತೆ. ನಮ್ ತಾತ ಎತ್ತೋದ ನೋಡಿದೀನಿ.”

ಅವಳ ಅಜ್ಜನೇ ಆ ಕೆರೆಯ ನೀರುಗಂಟಿ. ಮೇಷ್ಟರು ಒಂದು ಕ್ಷಣ ಸುಮ್ಮನಿದ್ದು, “ಹಾಗಾದರೆ ಇನ್ನು ಮುಂದಿನದನ್ನು ನೀನೇ ಹೇಳಮ್ಮ, ನನಗೆ ಇಷ್ಟು ಸರಿಯಾಗಿ ತಿಳಿಯದು” ಎಂದು ತಾವು ಹಿಂದಕ್ಕೆ ಸರಿದು ಮಕ್ಕಳ ನಡುವೆ ನಿಂತರು. ಮೊದಮೊದಲು ಮಾತು ಹೊರಡಲಿಲ್ಲ. ಆಮೇಲೆ ಹೊರಟುದು ನಿಲ್ಲಲಿಲ್ಲ. ಏರಿಯ ಒಳಮೈಗೆ ಕಲ್ಲು ಹೊದಿಸಿರುವುದು ಅಲೆಯ ಹೊಡೆತಕ್ಕೆ ಮಣ್ಣು ಕರಗದಿರಲೆಂದು; ಏರಿಯ ಮೇಲೆ ಮರ ಬೆಳೆಯಗೊಡಿಸಿದರೆ ಬೇರಿನ ಜಾಡಿನಲ್ಲಿ ನೀರು ಜಿನುಗಿ ಏರಿಯೇ ಒಡೆದೀತು; ಇಲಿ ಏಡಿಗಳ ಬಿಲವನ್ನು ಕಂಡರೆ ತಾತನಿಗೆ ನಿದ್ದೆ ಬಾರದು; ಮಳೆಗಾಲದ ರಾತ್ರಿ ಕಂಬಳಿ ಹೊದ್ದು ಕೋಡಿಯನ್ನು ನೋಡಲು ಹೋಗುವಾಗ ತಾನೂ ಜೊತೆಯಲ್ಲಿ ಹೋಗಿದ್ದೆನು; ಹೀಗೆ. ಮುಂದಿನ ಸಾಲಿನ ಹುಡುಗರು ತಮ್ಮ ಪುಸ್ತಕಗಳಲ್ಲಿ ಬರೆದುಕೊಳ್ಳುತ್ತಿದ್ದರು. ಒಬ್ಬನು “ತಡಿಯೇ, ಮೆಲ್ಲಗೆ ಹೇಳೇ” ಎಂದನು.

ಅಷ್ಟರಲ್ಲಿ ನೀರುಗಂಟಿಯೇ ಅತ್ತ ಬಂದನು. ಮೀನಿನ ಪ್ರಶ್ನೆಗೆ ಉತ್ತರವು ದೊರೆತುದು ಅವನಿಂದ: ಕೆಲವು ಜಾತಿಯ ಮೀನುಗಳು ಕೆಸರಿನೊಳಗೆ ಹುದುಗಿಕೊಂಡು ಬಹಳ ದಿನ ಬದುಕಿರುತ್ತವಂತೆ. ಕೆರೆ ಅರ್ಧ ಮಾತ್ರ ತುಂಬಿದ ವರ್ಷ ಎಲ್ಲರ ಗದ್ದೆಗೂ ಅರ್ಧದಷ್ಟಕ್ಕೇ ನೀರು ಬಿಡುವ ಹಳೆಯ ಕಟ್ಟಳೆಯನ್ನು ಅವನು ವಿವರಿಸಿದಾಗ ಒಬ್ಬ ಪೋರನು, “ಯಾರಾದರೂ ರಾತ್ರಿ ಕದ್ದು ತಿರುಗಿಸಿಕೊಂಡರೆ?” ಎಂದು ಕೇಳಿದನು. ಮುದುಕನು ಹುಡುಗನ ಮುಖವನ್ನು ಚೆನ್ನಾಗಿ ನೋಡಿ, “ಅದನ್ನ ನಿಮ್ಮ ತಾತನ್ನೇ ಕೇಳಪ್ಪ” ಎಂದನು. ತಾಯಂದಿರಿಬ್ಬರೂ ಬಾಯಿಗೆ ಸೆರಗನ್ನು ಅಡ್ಡಹಿಡಿದು ನಕ್ಕರು.

ಆ ಸಂಜೆ ಸ್ನೇಹಿತರ ಮನೆಯ ಜಗಲಿಯ ಮೇಲೆ ಇದರ ಮಾತೇ ಮಾತು. ಒಬ್ಬ ರೈತರು, ಮಗನನ್ನು ಹೇಗಾದರೂ ಇಂಜಿನಿಯರನನ್ನಾಗಿ ಮಾಡಬೇಕೆಂದಿರುವವರು, ಸ್ವಲ್ಪ ಬಿಸಿಯಾಗಿಯೇ ಕೇಳಿದರು: “ಕೆರೆ ನೋಡೋದಕ್ಕೆ ಇಸ್ಕೂಲಿಗೆ ಯಾಕೆ ಕಳಿಸಬೇಕು ಸ್ವಾಮಿ? ದನ ಕಾಯೋರು ದಿನಾ ನೋಡ್ತಾರೆ.” ಮಾತು ತಳ್ಳಿಹಾಕುವಂಥದಲ್ಲ. ಓದು ಬರಹಗಳು ಬಾರದೆ ಉಳಿದವರ ಕಷ್ಟವನ್ನು ಕಂಡವರ ಮಾತು ಅದು. ಪಾಠಗಳು ಹಿಂದೆ ಬಿದ್ದು ಮಕ್ಕಳು ಬರಿದೆ ತಿರುಗುವುದಾದರೆ ಅವರು ಹೇಳುವುದೇ ಸರಿಯಾದೀತು; ನಗರದ ಮಗುವಿಗೆ ಯಂತ್ರದ ಮೇಲೆ ಓಡುವ ಬೆರಳು, ಹಳ್ಳಿಯ ಮಗುವಿಗೆ ಕೆರೆ ಮತ್ತು ಹೊಲ ಎಂದು ಎರಡು ಪಂಕ್ತಿಗಳನ್ನು ಹಾಕುವುದು ನಮಗೂ ಒಪ್ಪಿಗೆಯಿಲ್ಲ. ಮೇಷ್ಟರು ಸಾವಧಾನವಾಗಿ, “ದಿನಾ ನೋಡುವವರು ಕೇಳುವುದಿಲ್ಲ ಯಜಮಾನರೇ. ನಿಮ್ಮ ಹುಡುಗ ಇಂದು ಏರಿಯ ಬುಡ ದಪ್ಪವೇಕೆಂದು ಕೇಳಿದ. ಇಂಜಿನಿಯರು ಕೇಳುವುದೂ ಅದನ್ನೇ. ನಾಳೆ ಅದನ್ನು ಬರೆಯುತ್ತಾನೆ, ಲೆಕ್ಕ ಮಾಡುತ್ತಾನೆ, ಆಗ ನೋಡಿ” ಎಂದರು. ರೈತರು ಒಪ್ಪಿದರೋ ಇಲ್ಲವೋ, ಎಲೆಯಡಿಕೆಯ ತಟ್ಟೆಯನ್ನು ಮೇಷ್ಟರ ಕಡೆಗೆ ಸರಿಸಿದರು.

ನಮಗೆ ಆಗ ನೆನಪಾದುದು ಮೈಸೂರಿನ ಕಾದಂಬರಿಕಾರರಾದ ಆರ್. ಕೆ. ನಾರಾಯಣರು ರಾಜ್ಯಸಭೆಯ ಸದಸ್ಯರಾಗಿ ೧೯೮೯ರಲ್ಲಿ ಮಾಡಿದ ಭಾಷಣ. ಪುಸ್ತಕದ ಚೀಲದ ಭಾರದಿಂದ ಬಾಗಿದ ಮಕ್ಕಳ ಬೆನ್ನನ್ನು ಕುರಿತೇ ಅವರು ಅಂದು ಮಾತನಾಡಿದರು. ೧೯೯೨ರಲ್ಲಿ ಸರಕಾರವು ಈ ಭಾರದ ವಿಚಾರಣೆಗಾಗಿ ವಿಜ್ಞಾನಿ ಯಶಪಾಲರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಮರುವರ್ಷ ಆ ಸಮಿತಿಯು ಕೊಟ್ಟ ವರದಿಯ ತಿರುಳೇನೆಂದರೆ, ಚೀಲದ ತೂಕಕ್ಕಿಂತಲೂ ಅರ್ಥವಾಗದೆ ಹೊರುವ ಪಾಠದ ತೂಕವೇ ಮಕ್ಕಳಿಗೆ ಹೆಚ್ಚಿನ ಹೊರೆಯೆಂಬುದು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟಿನಲ್ಲಿ, ತಿಳಿವಳಿಕೆಯನ್ನು ಶಾಲೆಯ ಹೊರಗಣ ಜೀವನದೊಡನೆ ಜೋಡಿಸಬೇಕೆಂಬುದನ್ನೇ ಮೊದಲನೆಯ ಸೂತ್ರವಾಗಿ ಇಟ್ಟರು. ನಮ್ಮ ನಾಡಿನಲ್ಲಿ ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ತಾಲ್ಲೂಕಿನಲ್ಲಿ ಮೊದಲಾದ “ನಲಿ-ಕಲಿ”ಯೂ ಮಕ್ಕಳು ಮಾಡಿ ನೋಡಿ ಕಲಿಯಲೆಂದೇ ಹುಟ್ಟಿದುದು. ಕಾಗದದ ಮೇಲೆ ಕೊರತೆಯೇನೂ ಇಲ್ಲ. ಎರಡು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುತ್ತ, ಅದರ ಮೇಲೆ ಲೆಕ್ಕಪತ್ರಗಳನ್ನೂ ಬರೆಯುವ ಉಪಾಧ್ಯಾಯರಿಗೆ ಒಂದು ಬೆಳಗಿನ ಬಿಡುವನ್ನು ದೊರಕಿಸುವುದೇ ಕಷ್ಟ.

ಈ ವಿಷಯದಲ್ಲಿ ಮನೆಯವರೂ ಒಂದಿಷ್ಟು ಕೈಗೊಡಬಹುದು. ದೂರದ ಪ್ರವಾಸಕ್ಕೆ ಹೊರಡುವ ಮಗುವಿಗೆ ಪುಳಿಯೋಗರೆಯ ಬುತ್ತಿಯನ್ನು ಕಟ್ಟುವ ತಾಯಿಯು ಅದರ ಜೊತೆಗೆ ಒಂದೇ ಒಂದು ಪ್ರಶ್ನೆಯನ್ನೂ ಕಟ್ಟಿ ಕಳುಹಬಾರದೆ? “ಕನ್ನಂಬಾಡಿಯ ಕಟ್ಟೆಯ ಯಾವ ಕಡೆ ನೀರಿದೆ, ಯಾವ ಕಡೆ ತೋಟವಿದೆ, ನೋಡಿಕೊಂಡು ಬಾ” ಎಂದಷ್ಟು ಹೇಳಿದ್ದರೆ ಸಾಕಾಗಿತ್ತು; ನಮ್ಮ ನೆರೆಯ ಹುಡುಗನು ಕತ್ತಲಲ್ಲಿಯಾದರೂ ಅದನ್ನು ಹುಡುಕುತ್ತಿದ್ದನು. ಪತ್ರಿಕೆಯ ೧೨೪.೮೦ರ ಸಾಲನ್ನು ಕತ್ತರಿಸಿ ಜೇಬಿನಲ್ಲಿ ಇಟ್ಟು ಕಳುಹಿಸುವ ಬುದ್ಧಿ ಆಗ ನಮಗೂ ಹೊಳೆಯಲಿಲ್ಲವಲ್ಲ!

ಮರುದಿನವೂ ನಾವು ಆ ಶಾಲೆಗೆ ಹೋದೆವು. ಮೇಷ್ಟರು ಉದ್ದನೆಯ ಬಾಟಲಿಯೊಂದಕ್ಕೆ ಮೇಲೆ, ನಡುವೆ, ಕೆಳಗೆ ಮೂರು ತೂತುಗಳನ್ನು ಕೊರೆದು, ನೀರು ತುಂಬಿ ಎತ್ತರದ ಮೇಜಿನ ಅಂಚಿನಲ್ಲಿ ಇಟ್ಟರು. ಮೇಲಿನ ತೂತಿನಿಂದ ನೀರು ಸೋರಿತು. ಕೆಳಗಿನದರಿಂದ ಚಿಮ್ಮಿ ಮುಂದಿನ ಸಾಲಿನವರ ಅಂಗಿ ನೆನೆಯಿತು. ಆಳಕ್ಕೆ ಹೋದಷ್ಟೂ ನೀರಿನ ಒತ್ತಡ ಹೆಚ್ಚೆಂಬುದನ್ನು ಇನ್ನು ಬಾಯಿಪಾಠ ಮಾಡಿಸಬೇಕಾದುದಿರಲಿಲ್ಲ. “ಅದಕ್ಕೇ ಏರಿ ಬುಡದಲ್ಲಿ ದಪ್ಪ!” ಎಂದು ಜಗಲಿಯ ರೈತರ ಮಗನೇ ಕೂಗಿದನು.

ಮಧ್ಯಾಹ್ನ ಬಯಲಿನಲ್ಲಿ ಮಣ್ಣಿನ ಕೆರೆಯನ್ನು ಕಟ್ಟಿದರು. ಒಂದು ಮೊಳ ಎತ್ತರದ ಏರಿ, ಒಳಮೈಗೆ ಬೆಣಚುಕಲ್ಲು, ಪಪ್ಪಾಯಿಯ ಎಲೆಯ ದಂಟಿನ ತೂಬು, ಕೆಳಗೆ ಗೆರೆಯೆಳೆದ ಗದ್ದೆಗಳು. ಎಲ್ಲವೂ ಅಂದವಾಗಿದ್ದಿತು. ಬಾವಿಯಿಂದ ನೀರು ತಂದು ಸುರಿದರು, ಕೆರೆ ತುಂಬಿತು, ಮಕ್ಕಳು ಚಪ್ಪಾಳೆ ತಟ್ಟುತ್ತಿರುವಂತೆಯೇ ಇನ್ನೊಂದು ಕೊಡ ಸುರಿದುದೇ ತಡ, ನೀರು ಏರಿಯ ನೆ��್ತಿಯನ್ನು ಹಾಯ್ದು, ಕ್ಷಣದಲ್ಲಿ ಅದನ್ನು ನಡುಮಧ್ಯೆ ಸೀಳಿಕೊಂಡು ಗದ್ದೆಗಳನ್ನೆಲ್ಲ ಕೊಚ್ಚಿಕೊಂಡು ಹೋಯಿತು.

ಎಲ್ಲರೂ ಬೆಪ್ಪಾಗಿ ನಿಂತರು. ನೀರುಗಂಟಿಯ ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು, ಮೇಷ್ಟರೂ ಸೇರಿ ಅಷ್ಟು ಮಂದಿಯನ್ನೂ ಒಮ್ಮೆ ನೋಡಿ, “ಕೋಡಿ ಯಾರು ಬಿಡಿಸಿದ್ರಿ?” ಎಂದಳು.

ನಾವು ಬಸ್ಸಿಗೆ ಹೊರಟಾಗ ಗಂಟೆ ನಾಲ್ಕಾಗಿದ್ದಿತು. ಶಾಲೆ ಬಿಟ್ಟರೂ ಮಕ್ಕಳು ಮನೆಗೆ ಹೋಗಿರಲಿಲ್ಲ. ಏರಿಯನ್ನು ಹೊಸದಾಗಿ ಎತ್ತುತ್ತಿದ್ದರು. ಕೋಡಿಯನ್ನು ಏರಿಗಿಂತ ಎಷ್ಟು ತಗ್ಗಿನಲ್ಲಿ ಇಡಬೇಕೆಂದು ಆ ಹುಡುಗಿಯು ಗೇಣು ಹಾಕಿ ತೋರಿಸುತ್ತಿದ್ದಳು.